ಆಫ್ ಮಾಡಬೇಡಿ

ಸಿವಿಲ್ ಕೋರ್ಟಿನ ಎದುರು ಗಲ್ಲಿ, ಮೆಟ್ಟಿಲ ಕೆಳಗಿನ ಸಂದು,
ಅದೇ ನನ್ನ ಅಂಗಡಿ.
ಹತ್ತೂ ಮುಕ್ಕಾಲು. ವಕೀಲರು ನೆತ್ತಿಯ ಮೇಲೆ ನಿಂತಿದ್ದಾರೆ,
ತಡೆಯಾಜ್ಞೆಗೆ ಅಫಿಡವಿಟ್ಟು, ಹನ್ನೊಂದಕ್ಕೆ ಕೇಸು ಕೂಗುತ್ತಾರೆ.
ಪರದೆ ನೀಲಿಯಾಗಿ ಹೇಳುತ್ತದೆ:
ಸ್ವಲ್ಪ ತಾಳಿ, ಆಫ್ ಮಾಡಬೇಡಿ. ಶೇಕಡ ಇಪ್ಪತ್ತೇಳು.

ಶುರುವಾಯಿತು ನೋಡಿ ಸಹಸ್ರನಾಮ.
ವಕೀಲರು ಇಂಗ್ಲಿಷಿನಲ್ಲಿ, ಕಕ್ಷಿದಾರ ಕೋಲಾರದ ತೆಲುಗುಗನ್ನಡದಲ್ಲಿ,
ಎಸ್.ಪಿ. ರೋಡಿನಿಂದ ಟೋನರ್ ತಂದಿದ್ದ ಖುದ್ದೂಸ್ ಸಾಹೇಬರು
ಎಲೆಯಡಿಕೆ ಮೆಲ್ಲುತ್ತ, ಸಾವಕಾಶವಾಗಿ:
"ನಮ್ಮ ಮನೆಗೆ ಬಂದು, ನಮ್ಮ ಕುರ್ಚಿಯಲ್ಲೇ ಕೂತು,
ನಮ್ಮನ್ನು ಬಾಗಿಲಾಚೆ ಕಾಯಿಸೋ ಕಂಪನಿ ಇದು."

ಅವರ ಸಿಟ್ಟಿನ ಖಾತೆ ಹಳೆಯದು.
ನ್ಯಾಷನಲ್ ಮಾರ್ಕೆಟ್ಟಿನಲ್ಲಿ ರೇಡ್ ಆದ ವರ್ಷ
ಅಕ್ಕನ ಮಗ ನಲವತ್ತು ಸಿಡಿ ಸಮೇತ ಸಿಕ್ಕಿಬಿದ್ದಿದ್ದ.
ಮೂರು ರಾತ್ರಿ ಠಾಣೆ. ಆಮೇಲೆ ಕಂಪ್ಯೂಟರ್ ಮುಟ್ಟಲಿಲ್ಲ,
ಶಿವಾಜಿನಗರದಲ್ಲಿ ಹೆಲ್ಮೆಟ್ ಮಾರುತ್ತಾನೆ.
"ಕಳ್ಳಮಾಲೇ, ಇಲ್ಲ ಅಂತೀನಾ?
ಆದರೆ ಊರಿಗೆಲ್ಲ ಅವರ ಚಟ ಹತ್ತಿಸಿದ್ದೂ ನಮ್ಮ ಹುಡುಗರೇ.
ಬಿಟ್ಟಿ ಕೂಲಿ."

ಪಕ್ಕದ ಮಳಿಗೆಯ ಲೆಕ್ಕದ ಗುಂಡಾಚಾರ್ಯರು ಕನ್ನಡಕ ತೆಗೆದು ಎದ್ದೇ ಬಂದರು.
"ಬೈಯಬೇಡ್ರೀ. ತೊಂಬತ್ತೆಂಟರಲ್ಲಿ ಬರೆದ ಲೆಕ್ಕ
ಇವತ್ತಿಗೂ ತೆರೆಯುತ್ತೆ, ಒಂದು ಪೈಸೆ ಆಚೀಚೆ ಇಲ್ಲ.
ಇಷ್ಟು ನಿಯತ್ತು ನನ್ನ ಪಾಲುದಾರನಿಗೂ ಇರಲಿಲ್ಲ."
ಪಾಲುದಾರನ ಕಥೆ ಗಲ್ಲಿಗೆಲ್ಲ ಗೊತ್ತು.
ಯಾರೂ ಎದುರಾಡಲಿಲ್ಲ.

ಶೇಕಡ ನಲವತ್ತೊಂದು.

ಹೋದ ಆಷಾಢದಲ್ಲಿ ಒಬ್ಬ ಹುಡುಗ ಬಂದಿದ್ದ, ನಚಿಕೇತ,
ಜೇಬಿನಲ್ಲಿ ಪೆನ್‌ಡ್ರೈವು, ಬಾಯಲ್ಲಿ ಉಪದೇಶ:
"ಅಕ್ಕಾ, ಬಾಡಿಗೆ ಮನೆ ಸಾಕು, ಸ್ವಂತ ಮನೆಗೆ ಬನ್ನಿ.
ಇದಕ್ಕೆ ಕಾಸಿಲ್ಲ, ಒಡೆಯನಿಲ್ಲ, ಒಳಗೇನಿದೆ ಬಿಚ್ಚಿ ನೋಡಬಹುದು."
ಮಾತು ಸರಿಯಾಗಿಯೇ ಇತ್ತು. ಹಾಕಿಸಿಕೊಂಡೆ.
ಎಂಟು ದಿನ ಹಾಯಾಗಿದ್ದೆ.
ಒಂಬತ್ತನೆಯ ದಿನ, ಕಂದಾಯ ಭವನದ ಗುಮಾಸ್ತರ ಪರದೆಯಲ್ಲಿ
ನನ್ನ ‘ಪ್ರಮಾಣ’ದ ರ-ಒತ್ತು ಕಳಚಿ
ಕೆಳಸಾಲಿನಲ್ಲಿ ಒಂಟಿಯಾಗಿ ಕೂತಿತ್ತು.
"ಇದೇನ್ರೀ, ಪಮಾಣ?"
ತಪ್ಪು ಹುಡುಗನದಲ್ಲ, ಅವನು ಕೊಟ್ಟದ್ದರದೂ ಅಲ್ಲ.
ಮೇಜಿನಾಚೆ ಕೂತವನಿಗೆ ಯಾವುದು ತೆರೆಯುತ್ತದೋ
ಅದರಲ್ಲೇ ಬರೆಯಬೇಕಲ್ಲ ಅರ್ಜಿ.

ಅವತ್ತು ಅವನು, ಊರ ಬಾವಿಗೆ ಬೀಗ ಹಾಕಿದವರು, ಎಂದ.
ಏನಾಯಿತೋ, ನಾನು ಸೆರಗು ಸಿಕ್ಕಿಸಿ ಜಗಳಕ್ಕೇ ನಿಂತೆ.
ರಾತ್ರಿ ಬಸ್ಸಿನಲ್ಲಿ ಕಂಬಿ ಹಿಡಿದು ಯೋಚಿಸಿದೆ:
ನನಗೇಕೆ ಉರಿಯಿತು? ಆ ಕಂಪನಿಯೇನು ನನ್ನ ತವರೇ?
ರಾಜಾಜಿನಗರ ದಾಟುವಾಗ ಹೊಳೆಯಿತು.
ರೇಡಿಗೆ ಹೆದರಿ ಅಸಲಿ ಪ್ರತಿ ಕೊಳ್ಳಲು
ಹದಿನಾಲ್ಕು ತಿಂಗಳು ಚೀಟಿ ಕಟ್ಟಿದ್ದೆ,
ಮಧ್ಯಾಹ್ನದ ಊಟಕ್ಕೆ ಬರೀ ಕಡಲೆಪುರಿ.
ಮೋಸ ಹೋದೆ ಎಂದು ಒಪ್ಪಿಕೊಂಡರೆ
ಆ ಹದಿನಾಲ್ಕು ತಿಂಗಳನ್ನು ಎಲ್ಲಿ ಇಡಲಿ?

ಮೊನ್ನೆ ನಚಿಕೇತ ಮತ್ತೆ ಬಂದ. ಹೆಸರು ಬದಲಾವಣೆಯ ಪತ್ರವಂತೆ.
ಟೈಪು ಮುಗಿದ ಮೇಲೆ ಆಚೀಚೆ ನೋಡಿ, ದನಿ ತಗ್ಗಿಸಿ,
"ಅವರ ಫೈಲಿನಲ್ಲೇ ಕೊಡಿ ಅಕ್ಕಾ, ಆಫೀಸಿನಲ್ಲಿ ಬೇರೆ ತಗೊಳ್ಳಲ್ಲ."
ನಗಲಿಲ್ಲ ನಾನು. ಮೂವತ್ತು ರೂಪಾಯಿ ತೆಗೆದುಕೊಂಡೆ.
ಅವನ ಪೆನ್‌ಡ್ರೈವು ಗುಂಡುಪಿನ್ನಿನ ಡಬ್ಬಿಯಲ್ಲಿ
ಇನ್ನೂ ಇದೆ. ಹಿಂದಿರುಗಿಸಿಲ್ಲ, ಎಸೆದೂ ಇಲ್ಲ.

ಶೇಕಡ ತೊಂಬತ್ತೊಂಬತ್ತು. ಅಲ್ಲೇ ಕೂತುಬಿಟ್ಟಿದೆ.
ವಕೀಲರು ಕೈಬರಹದ ಮೆಮೊ ಹಿಡಿದು ಓಡಿದರು,
ಕಕ್ಷಿದಾರ ಅವರ ಹಿಂದೆ, ಒಂದು ಚಪ್ಪಲಿ ಮೆಟ್ಟಿಲಲ್ಲೇ.
ಆಚಾರ್ಯರು, ತಾಳಿ, ಬಂದೇ ಬರುತ್ತೆ, ಅನ್ನುತ್ತಿದ್ದಾರೆ,
ಬರಬೇಕಾದ್ದು ತಮ್ಮ ಮನೆಯವರೇ ಅನ್ನುವಂತೆ.
ಖುದ್ದೂಸ್ ಸಾಹೇಬರು ನೆಲದಲ್ಲಿ ಕುಕ್ಕರಗಾಲು,
ಬೈಗುಳ ಒಂದಿಷ್ಟೂ ನಿಲ್ಲಿಸದೆ
ಪ್ರಿಂಟರಿಗೆ ಟೋನರ್ ಹಾಕಿ, ಕಾಗದ ಜೋಡಿಸಿ,
ಅದು ಎದ್ದ ಕೂಡಲೇ ಬೇಕಾಗುತ್ತದೆಂದು
ಸಿದ್ಧ ಮಾಡುತ್ತಿದ್ದಾರೆ.