ಗ್ರೀನಿಚ್ಚಿನ ಬೆಳಿಗ್ಗೆ

ಒಂಬತ್ತು ವರ್ಷ ಖಾಲಿ ವಿಮಾನಗಳ ಹೊಟ್ಟೆಯೊಳಗೆ
ಮಂಡಿಯೂರಿ ನಡೆದವಳು ನಾನು, ಆಂಕರೇಜಿನಲ್ಲಿ,
ರಾತ್ರಿ ಹನ್ನೊಂದರ ಮೇಲೆ.
ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಮಗುವಿನ ಒಂಟಿ ಕಾಲುಚೀಲ,
ಒಮ್ಮೆ ಒಂದು ಹಲ್ಲಿನ ಸೆಟ್ಟು.
ಕಾಗದದಲ್ಲಿ ಸುತ್ತಿ ಕೊಡಹೋದರೆ
ಕಳೆದ ವಸ್ತುಗಳ ಕೌಂಟರಿನ ಹುಡುಗ
ಕೈ ಹಿಂದಕ್ಕೆಳೆದುಕೊಂಡ.

ಅರ್ಜಿಯ 'ಅನುಭವ'ದ ಖಾನೆಯಲ್ಲಿ ಇದನ್ನೇ ಬರೆದೆ,
ಹಲ್ಲಿನ ಸೆಟ್ಟೊಂದನ್ನು ಬಿಟ್ಟು.
ಕೆಳಗೆ: ಡಿಸ್ಪ್ಯಾಚರ್ ಕೋರ್ಸು, ಆರು ವಾರ, ಪಾಸು.
ಎಷ್ಟನೇ ಸಲಕ್ಕೆ ಎಂದು ಅವರು ಕೇಳಲಿಲ್ಲ,
ನಾನೂ ಬಾಯಿಬಿಡಲಿಲ್ಲ.

ಸಂದರ್ಶನದಲ್ಲಿ ಹಾಲ್ವರ್ಸನ್ ಎಂಬವರು
ಪೆನ್ಸಿಲಿನ ತುದಿ ಕಚ್ಚುತ್ತ ಕೇಳಿದರು:
ಡಿಲ್ಲಿಂಗಮ್ಮಿಗೆ ಹೊರಟ ವಿಮಾನ.
ಬದಲಿ ನಿಲ್ದಾಣದ ಮೇಲೆ ಮಂಜು ಇಳಿಯುತ್ತಿದೆ.
ಕ್ಯಾಪ್ಟನ್ ಇಪ್ಪತ್ತು ವರ್ಷ ಹಾರಿದವನು,
'ಏನಾಗಲ್ಲ, ಹೊರಡೋಣ' ಅನ್ನುತ್ತಾನೆ. ನೀವು?

ಬೇರೆ ಬದಲಿ ಹುಡುಕುತ್ತೇನೆ ಸಾರ್,
ಅಲ್ಲಿಯವರೆಗಿನ ಇಂಧನ ತುಂಬಿಸುತ್ತೇನೆ.
ಎರಡೂ ಆಗದಿದ್ದರೆ ಸಹಿ ಹಾಕುವುದಿಲ್ಲ.
ಕೂಗಾಡಿದರೆ?
ಕೂಗಲಿ. ಫೋನನ್ನು ಕಿವಿಯಿಂದ ದೂರ ಹಿಡಿಯಬಹುದಲ್ಲ.

ಕೆಲಸ ಸಿಕ್ಕಿತು. ಹಿಂದೆಯೇ ಪಾಳಿಯ ಹಾಳೆ ಬಂತು.
ಮೂವತ್ತೊಂದು ಜನ, ಮೂವತ್ತೊಂದು ಸಾಲು,
ಸೇವೆಯ ವರ್ಷ ಎಣಿಸಿ ಒಬ್ಬೊಬ್ಬರೇ ಆರಿಸಿಕೊಳ್ಳಬೇಕು.
ಮೊದಲಿನವರು ಶನಿವಾರ ಭಾನುವಾರ ಎತ್ತಿಕೊಂಡರು,
ನಡುವಿನವರು ಸಾಲ್ಮನ್ ಹಿಡಿಯುವ ಜುಲೈಯನ್ನು.
ನನ್ನದು ಕೊನೆಯ ಪಂಕ್ತಿ:
ಪಾತ್ರೆಯ ತಳದಲ್ಲಿ ಉಳಿದದ್ದೇ ಊಟ.

ಆದರೂ ನೋಡಿ, ಉಳಿದದ್ದು ಎಂಥದ್ದು!
ಆರರಿಂದ ಹದಿನಾರು, ನಾಲ್ಕು ದಿನ;
ಆಮೇಲೆ ಮೂರು ದಿನ ಬಿಡುವು.
ಬೆಳಿಗ್ಗೆ ಆರು! ಸಂಜೆ ನಾಲ್ಕು!
ರೊಡೆಲ್ ಬಸ್ಸಿನ ಡ್ಯೂಟಿ ಮುಗಿಸಿ ಬಂದವನು
ಸಮವಸ್ತ್ರ ಕಳಚುವ ಮೊದಲೇ
ನಮ್ಮ ಮಲಗುವ ಕೋಣೆಯ ಕಿಟಕಿಗೆ
ಒಂಬತ್ತು ವರ್ಷದ ಹಿಂದೆ ಅಂಟಿಸಿದ್ದ
ಕರೀ ಬಟ್ಟೆಯನ್ನು ಪರ್ರನೆ ಕಿತ್ತ.
ಗೋಡೆಯ ಬಣ್ಣವೂ ಜೊತೆಗೆ ಬಂತು.
ಹಗಲು ಒಳಗೆ ಬಂದು ಹಾಸಿಗೆಯ ಮೇಲೆ ಕೂತಿತು,
ಬಹಳ ದಿನಕ್ಕೆ ಬಂದ ನೆಂಟನ ಹಾಗೆ, ಸ್ವಲ್ಪ ಸಂಕೋಚದಿಂದ.
ಜೊಮಾರ್ ಕ್ಯಾಲೆಂಡರಿನ ನಾಲ್ಕು ಚೌಕಕ್ಕೆ ಹಳದಿ ತುಂಬಿದ,
ಮೂರಕ್ಕೆ ಹಸಿರು.
ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದ.

ಬುಧವಾರ ಹಾಳೆಯ ಅಡಿಯಲ್ಲಿ
ಇರುವೆಯಷ್ಟು ಸಣ್ಣ ಅಕ್ಷರ ಕಂಡೆ:
ಎಲ್ಲ ವೇಳೆಯೂ ಗ್ರೀನಿಚ್ಚಿನದು.

ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ,
ಎರಡೆರಡು ಸಲ.
ಗಂಟೆಗಳನ್ನು ಬೆರಳಲ್ಲಿ ಹಿಂದಕ್ಕೆ ಮಡಿಸಿದೆ,
ಐದು, ನಾಲ್ಕು, ಮೂರು... ಎಂಟು ಬೆರಳು.
ಅಲ್ಲಿ ಬೆಳಿಗ್ಗೆ ಆರು ಅಂದರೆ
ಇಲ್ಲಿ ಹಿಂದಿನ ರಾತ್ರಿ ಹತ್ತು.

ರೊಡೆಲ್ ಮಾತಾಡಲಿಲ್ಲ.
ಹಿತ್ತಿಲಲ್ಲಿ ಸೈಕಲ್ಲಿಗೆ ಹೊದಿಸಿದ್ದ ಬಟ್ಟೆ ತಂದು ಕೊಡವಿ
ಕುರ್ಚಿ ಹತ್ತಿ ಮತ್ತೆ ಅಂಟಿಸತೊಡಗಿದ.
ಹಳೆಯ ಟೇಪು ಹಿಡಿಯಲೊಲ್ಲದು.
ಜೊಮಾರ್ ಹಳದಿ ಚೌಕಗಳನ್ನೇ ನೋಡುತ್ತ ನಿಂತ,
ಆಮೇಲೆ ಅಂದ:
ಇರಲಿ ಬಿಡಮ್ಮ,
ಗ್ರೀನಿಚ್ಚಿನ ಹುಡುಗರಿಗೆ ನಾನು ಹೇಳಿದ್ದು ನಿಜವೇ.

ಜೂನ್ ತಿಂಗಳು. ಮೊದಲ ಪಾಳಿಗೆ ಹೊರಟಾಗ
ರಾತ್ರಿ ಒಂಬತ್ತೂವರೆ, ಬಿಸಿಲು ಇನ್ನೂ ಹೆಗಲ ಮೇಲಿತ್ತು.
ಮೂರು ಪರದೆಗಳ ಮುಂದೆ ಕೂತೆ.
ಗಾಳಿ, ಮೋಡ, ತೂಕ, ಇಂಧನ;
ಕ್ಯಾಪ್ಟನ್ನಿನ ಹೆಸರಿನ ಪಕ್ಕದಲ್ಲಿ ನನ್ನ ಹೆಸರು,
ಆ ಹಾರಾಟಕ್ಕೆ ಅವನಷ್ಟೇ ನಾನೂ ಹೊಣೆ.
ಒತ್ತುವ ಮೊದಲು ಇಂಧನವನ್ನು ಮೂರು ಸಲ ಕೂಡಿದೆ.

ಕಿಟಕಿಯಾಚೆ, ಆರನೇ ಗೇಟಿನಲ್ಲಿ,
ಕಸದ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು ಒಬ್ಬಳು,
ನನ್ನ ಜಾಗಕ್ಕೆ ಬಂದವಳಿರಬೇಕು.
ಹದಿನೇಳನೇ ಸಾಲಿನ ಕಿಟಕಿ ಸೀಟು
ಸ್ವಲ್ಪ ಎತ್ತಿ ನೋಡಬೇಕು ಅಂತ
ಯಾರೂ ಅವಳಿಗೆ ಹೇಳಿರಲಿಕ್ಕಿಲ್ಲ.