ಮೂಕ ಕಿಟಕಿ

ಅಜ್ಮಾನಿನ ಸನಯ್ಯಾದಲ್ಲಿ ಅಬಾಯಾ ಕಸೂತಿಯ ಅಂಗಡಿ.
ಹನ್ನೆರಡು ಸೂಜಿಯ ಯಂತ್ರ. ಅದನ್ನು ಕುಣಿಸುವ ತಂತ್ರಾಂಶಕ್ಕೆ
ಇಪ್ಪತ್ತು ದಾಟಿದೆ, ಹೊಸ ಕಂಪ್ಯೂಟರು ಹತ್ತಿರ ಸೇರಿಸದು.
ಹಾಗಾಗಿ ಲಿನಕ್ಸ್ ಹಾಕಿದೆ,
ಅದರ ಹೊಟ್ಟೆಯೊಳಗೆ ಇನ್ನೊಂದು ಯಂತ್ರ, ಇದ್ದೂ ಇಲ್ಲದ್ದು,
ಅದರೊಳಗೆ ಸತ್ತ ಡಿಸ್ಕಿನಿಂದ ಇಡಿಯಾಗಿ ಎತ್ತಿ ತಂದ
ಹಳೇ ವಿಂಡೋಸು, ಹಸಿರು ಗುಡ್ಡದ ಚಿತ್ರ ಸಮೇತ.

ಬಶಾರತ್ ಮಾಸ್ತರು ಕರಿಬಟ್ಟೆ ಚೌಕಟ್ಟಿಗೆ ಬಿಗಿದರು.
ಸೂಜಿ ಓಡಿತು. ಹತ್ತು ನಿಮಿಷಕ್ಕೆ ಮುಖ ಸಣ್ಣಗಾಯಿತು.
"ಆವಾಜ್ ಕಿಧರ್ ಗಯಾ?"
ಜರಿನೂಲು ಯಾವಾಗಲೋ ಕಡಿದು
ಒಂದು ಗೇಣು ಬಳ್ಳಿ ಬರೀ ತೂತಾಗಿ ಹಬ್ಬಿತ್ತು.
ಕಣ್ಣು ಮಂಜು. ಅವರ ಕಸುಬೆಲ್ಲ ಕಿವಿಯಲ್ಲಿ.

ಕೂತೆ. ಇಶಾ ಬಾಂಗು ಆಗಿಹೋಗಿತ್ತು,
ಏಸಿ ಬಕೆಟ್ಟಿಗೆ ಹನಿ ಎಣಿಸುತ್ತಿತ್ತು.
ಒಳಗಿನದಕ್ಕೆ ನಾನು ಸೌಂಡ್ ಕಾರ್ಡೇ ಕೊಟ್ಟಿರಲಿಲ್ಲ.
ಕೊಟ್ಟೆ, ಹಳಬರಿಗೆ ಹಳೆಯದೇ ಸರಿಯೆಂದು.
ಏಸಿ ತೊಂಬತ್ತೇಳು ಎಂದು ಅದರ ಹೆಸರು, ತಂಪು ಕೊಡದ ಏಸಿ.
ಒಳಗೆ ಹಸಿರು ಗೀಟು ಎದ್ದು ಕುಣಿಯಿತು.
ಹೊರಗೆ ಸೊಲ್ಲಿಲ್ಲ.

ಲಾಗ್ ತೆರೆದರೆ ಒಂದೇ ಸಾಲು: ಪ್ರವೇಶವಿಲ್ಲ.
ಒಳಯಂತ್ರವನ್ನು ನಡೆಸುವವನು ಬೇರೆ ಬಳಕೆದಾರ,
ಧ್ವನಿಯ ಬಾಗಿಲು ಇರುವುದು ನನ್ನ ಹೆಸರಲ್ಲಿ.
ಇನ್ನೊಬ್ಬನ ಕಾಗದ ಹಿಡಿದು ಇಲ್ಲಿ
ಬಾಯಿ ಬಿಡುವ ಹಾಗಿಲ್ಲ. ನನಗೇನು ಹೊಸತೇ?
ಆ ಸಾಲಿನಲ್ಲಿ ನನ್ನ ಸಂಖ್ಯೆ ಬರೆದೆ: ಒಂದು ಸಾವಿರ.

ಆಮೇಲೆ ಬಂತು. ಬಂದದ್ದು
ಕಾದ ಎಣ್ಣೆಗೆ ನೀರು ಬಿದ್ದ ಚಟಪಟ.
ನಲವತ್ನಾಲ್ಕು ಸಾವಿರವೋ ನಲವತ್ತೆಂಟೋ,
ಒಳಗೂ ಹೊರಗೂ ಲೆಕ್ಕ ಒಂದೇ ಮಾಡಿ
ಬಫರನ್ನು ತುಸು ಹಿಗ್ಗಿಸಿ
ಮಾಸ್ತರಿಗೆ ಹೇಳಿದೆ, ಬೇಕೆಂದೇ ಕಡಿಯಿರಿ.

ಕತ್ತರಿ ಇಟ್ಟರು. ಯಂತ್ರ ನಿಂತಿತು.
ಹತ್ತು ದಿರ್ಹಮಿನ ಸ್ಪೀಕರಿನಿಂದ
ಯಾರೋ ಗಂಡಸು, ನಗು ತಡೆಹಿಡಿದು:
"ನೂಲ್ ತುಂಡಾಯ್ತ್, ಕಾಣಿ ಮಾರಾಯ್ರೆ!"

ಬೀಪ್ ಎನ್ನುತ್ತದೆಂದು ಕಾದಿದ್ದೆ ನಾನು.

"ಹಾಂ, ಯಹೀ!" ಮಾಸ್ತರು ಆಗಲೇ ಸೂಜಿಗೆ ಬಗ್ಗಿದ್ದರು.
ಹದಿನಾಲ್ಕು ವರ್ಷದಿಂದ ಈ ಯಂತ್ರದ ಸದ್ದೇ ಅದಂತೆ,
ಜಪಾನಿ ಭಾಷೆ ಇರಬೇಕು ಅಂದುಕೊಂಡಿದ್ದರಂತೆ.
ನನಗಿಂತ ಮೊದಲು ಇಲ್ಲಿ ಕೂರುತ್ತಿದ್ದವನು ಯಾರು?
ಗಾನಿಗಾ ಅಂತಲೋ ಏನೋ.
ಸಲಾಲಾಕ್ಕೆ ಹೋದ, ಅಲ್ಲಿ ಪಗಾರ ಜಾಸ್ತಿ.

ಪೋಣಿಸಿದರು. ಬಳ್ಳಿ ಮತ್ತೆ ಹಬ್ಬತೊಡಗಿತು.
ಅರ್ಥ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.
ಇನ್ನೊಂದು ಸಲ ಪರೀಕ್ಷೆ ಮಾಡಬೇಕೆಂದು ಸುಳ್ಳು ಹೇಳಿ
ಕತ್ತರಿ ನಾನೇ ತಗೊಂಡೆ.