ನಲವತ್ತು ಚಮಚ

ಅರವತ್ತನೆಯ ವರ್ಷಾಚರಣೆಗೆ ಇನ್ನು ಒಂಬತ್ತೇ ದಿನ.
ಪಟ್ಟಣದ ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆ ತಯಾರು,
ಒಳಗಿಡಲು ಏನೂ ಇಲ್ಲ.
"ಹುಲ್ಲುಬಯಲಿಗೆ ಹೋಗು" ಅಂದರು ಸಾಹೇಬರು,
"ಆಕಾಶದಿಂದ ಬಿದ್ದದ್ದನ್ನು ಅಲ್ಲಿ ಯಾರೂ ಬಿಸಾಡುವುದಿಲ್ಲ."

ನಿಜ. ಜೆಜ್ಕಾಜ್ಗಾನ್ ದಾಟಿ ನೂರಿಪ್ಪತ್ತು ಕಿಲೋಮೀಟರು,
ಜೀಪು ಕೆಸರಲ್ಲಿ ಎರಡು ಸಲ ಕೂತು, ಎದ್ದು,
ಕಂಡದ್ದು: ರಾಕೆಟ್ಟಿನ ತೊಗಲು ಹೊದ್ದ ಕೋಳಿಗೂಡು,
ಒಂದು ಜಾರುಬಂಡಿ, ಒಂದು ಕಕ್ಕಸಿನ ಬಾಗಿಲು.
ಕೊನೆಗೆ ಉಲ್ಬೊಸಿನ್ ಅಜ್ಜಿಯ ದೊಡ್ಡಿಯಲ್ಲಿ
ಕುರಿ ನೀರು ಕುಡಿಯುವ ತೊಟ್ಟಿ.

ಹಗುರ ಲೋಹ. ಸಾಲು ರಿವೆಟ್ಟು. ಅಂಚಿನಲ್ಲಿ
ಕುರಿನಾಲಿಗೆ ಅರ್ಧ ನೆಕ್ಕಿ ಮುಗಿಸಿದ ಅಂಕಿ:
ಏಳು, ಸೊನ್ನೆ, ಆಮೇಲೆ ಮೂರೋ ಎಂಟೋ.

ಫಾರಂ ತೆಗೆದೆ. ವಸ್ತು: ತೊಟ್ಟಿ.
ಹೊಡೆದುಹಾಕಿ ಬರೆದೆ: ಉಡಾವಣಾ ವಾಹನದ ಭಾಗ.
ಹೆಸರು?
"ಉಲ್ಬೊಸಿನ್. ಗಂಡಾಗಲಿ ಅಂತ ಅರ್ಥ.
ನನಗಿಂತ ಮುಂಚೆ ನಾಲ್ಕು ಹೆಣ್ಣು, ಅಪ್ಪನಿಗೆ ಸಾಕಾಗಿತ್ತು."
ಬಿದ್ದ ತಾರೀಕು?
"ಕಂದು ಕುದುರೆ ಅವಳಿ ಹಾಕಿದ ವರ್ಷ."
ಕುದುರೆಯ ದಾಖಲೆ ನಮ್ಮಲ್ಲಿಲ್ಲ, ಅಜ್ಜಿ.

"ಹಿಮ ಕರಗುತ್ತಿತ್ತು. ರಾತ್ರಿ. ಸಿಡಿಲು ಅಂದುಕೊಂಡೆವು,
ಮೋಡವೇ ಇಲ್ಲ. ಕಬ್ಬಿಣದ ಗೂಟದ ಕೆಳಗಿಂದ"
(ಧ್ರುವನಕ್ಷತ್ರವನ್ನು ನಾವು ಕರೆಯುವುದೇ ಹಾಗೆ,
ಮೇಲಿನ ಕುದುರೆಗಳನ್ನೆಲ್ಲ ಅದಕ್ಕೇ ಕಟ್ಟಿರುವುದು)
"ಹಗ್ಗ ಹರಿದುಕೊಂಡ ಹಾಗೆ ಬಂತು, ಉರಿಯುತ್ತ.
ಅದೇ ಹೊತ್ತಿಗೆ ಅಮ್ಮನಿಗೆ ನೋವು. ಬೆಳಗಾಗುವಾಗ ತಮ್ಮ.
ಅಪ್ಪ ಎರಡು ಕಡೆಗೂ ಓಡಿದ."

ನಾವು ಆಚರಿಸುವ ಉಡಾವಣೆ ಹಾಡಹಗಲಿನದು.
ನನ್ನ ಪೆನ್ನು ಒಂದು ಸುಳ್ಳಿನ ಅಂಚಿಗೆ ಬಂದು ನಿಂತಿತು.

"ನಲವತ್ತನೆಯ ದಿನ ಮಗುವನ್ನು ಮೀಯಿಸಬೇಕಲ್ಲ,
ನಲವತ್ತು ಚಮಚ ನೀರು ಹೊಯ್ದು?
ಮರದ ಬಾನಿ ಒಡೆದಿತ್ತು. ಅಪ್ಪ ಇದನ್ನು ಕತ್ತರಿಸಿ ಬಾಗಿಸಿ ತಂದ.
ಮೂರು ದಿನ ಬೂದಿ ಹಾಕಿ ತಿಕ್ಕಿದೆ,
ಸೀಮೆಎಣ್ಣೆ ವಾಸನೆ ಹೋಗಲೊಲ್ಲದು.
ಅಕ್ಕಂದಿರು ಬೆಳ್ಳಿಯುಂಗುರ ಹಾಕಿದರು ನೀರಿಗೆ,
ಎಣಿಸುವ ಕೆಲಸ ನನ್ನದು.
ಮೂವತ್ತೊಂಬತ್ತಕ್ಕೆ ಅವನು ನಕ್ಕ. ಲೆಕ್ಕ ತಪ್ಪಿತು.
ಕೊನೆಯದನ್ನು ಹೊಯ್ದೆನೋ ಇಲ್ಲವೋ
ಈಗಲೂ ಗೊತ್ತಿಲ್ಲ."

ಅವನೀಗ ಎಲ್ಲಿ ಎಂಬುದಕ್ಕೆ
ಫಾರಮ್ಮಿನಲ್ಲಿ ಜಾಗವಿಲ್ಲ. ಕೇಳಲಿಲ್ಲ.
ಅವಳು ದಿಬ್ಬದ ಕಡೆ ನೋಡಿದಳು,
ನನ್ನ ಚಹಾಕ್ಕೆ ಇನ್ನಷ್ಟು ಹಾಲು ಹೊಯ್ದಳು.

"ಒಯ್ಯುವುದಾದರೆ ಒಯ್ಯಿ. ಕುರಿಗಳಿಗೆ ಬೇರೆ ತೊಟ್ಟಿ ತಂದುಕೊಡಿ.
ಪ್ಲಾಸ್ಟಿಕ್ ಬೇಡ, ಚಳಿಗೆ ಬಿರಿಯುತ್ತದೆ."

ಏಪ್ರಿಲ್ ಹನ್ನೆರಡು. ಬ್ಯಾಂಡು, ಬಾವುಟ, ಭಾಷಣ.
ಗಾಜಿನ ಪೆಟ್ಟಿಗೆಯಲ್ಲಿ ಯಾರದೋ ಎರವಲು ಹೆಲ್ಮೆಟ್ಟು.
ಫಾರಂ ನನ್ನ ಕೋಟಿನ ಜೇಬಲ್ಲೇ ಇದೆ, ನಾಲ್ಕಾಗಿ ಮಡಚಿ.
ತಾರೀಕಿನ ಕಾಲಮ್ಮಿನಲ್ಲಿ, ಅಂಕಿಗಾಗಿ ಬಿಟ್ಟ
ಎಂಟು ಸಣ್ಣ ಚೌಕಗಳನ್ನು ತುಳಿದುಕೊಂಡು ಬರೆದಿದ್ದೇನೆ:
ಕಂದು ಕುದುರೆ ಅವಳಿ ಹಾಕಿದ ವರ್ಷ.
ಕೆಳಗೆ ಸಹಿ ಮಾಡಿದ್ದೇನೆ.